ಬೀಸೋ ದೊಣ್ಣೆ ತಪ್ಪಿದರೆ ಸಾಕು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 34 ವರ್ಷ. ಗ್ರಾಹಕರ ದೂರು ವಿಭಾಗದಲ್ಲಿ ತಂಡ ನೋಡಿಕೊಳ್ಳುತ್ತಾರೆ. ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಸಲಹೆಗೆ ಬಂದವರು ಅರ್ಧ ಗಂಟೆಯ ನಂತರ ಹೇಳಿದ್ದು: "ನಾನು ಸೋಮಾರಿ ಆಗಿಬಿಟ್ಟಿದ್ದೀನಿ ಮೇಡಂ." ದಿನಕ್ಕೆ 11 ಗಂಟೆ ದುಡಿಯುವವರ ಬಾಯಲ್ಲಿ ಈ ಮಾತು!

ಕೆಲಸ ಸುಧಾರಿಸಲು ಹೊಳೆದದ್ದನ್ನೆಲ್ಲ ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ವಿಳಾಸ ತಪ್ಪಾಗಿ ಬರುವ ಒಂದೇ ಬಗೆಯ ದೂರು ವಾರವಾರವೂ ಬರುತ್ತದೆ. ಅರ್ಜಿಯ ಒಂದು ಕಾಲಂ ಸರಿಮಾಡಿದರೆ ಅದು ನಿಲ್ಲುತ್ತದೆ ಎಂಬುದು ಎರಡು ವರ್ಷದಿಂದ ಗೊತ್ತು. ಅದಕ್ಕೆಂದು ಕೂತಾಗಲೆಲ್ಲ ವಾಟ್ಸ್ಆ್ಯಪ್ ಗುಂಪಿನಲ್ಲಿ 'ಅರ್ಜೆಂಟ್'. "ನಮ್ಮಲ್ಲಿ ಬೀಸೋ ದೊಣ್ಣೆ ತಪ್ಪಿದರೆ ಸಾಕು ಅನ್ನೋ ಹಾಗೇ ನಡೆಯೋದು" ಎಂದರು.

"ಶಹಬ್ಬಾಸ್ ಯಾರಿಗೆ ಸಿಗುತ್ತೆ?" ಎಂದು ಕೇಳಿದೆ. ಸುಮ್ಮನಾದರು. ರಾತ್ರಿ 10ಕ್ಕೆ ದೂರು ಬಗೆಹರಿಸಿದವರಿಗೆ ಮರುದಿನ ಸಭೆಯಲ್ಲಿ ಚಪ್ಪಾಳೆಯಂತೆ. ಅವರಿಗೂ ಸಿಕ್ಕಿತ್ತು, ಖುಷಿಯೂ ಆಗಿತ್ತು. ಬಾರದೇ ಹೋದ ದೂರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಸಂಸ್ಥೆಗಳ ನಿರ್ವಹಣೆಯನ್ನು ಅಧ್ಯಯನ ಮಾಡುವ ನೆಲ್ಸನ್ ರೆಪೆನಿಂಗ್ ಮತ್ತು ಜಾನ್ ಸ್ಟರ್ಮನ್ 2001ರಲ್ಲೇ ಇದನ್ನು ವಿವರಿಸಿದ್ದಾರೆ: ಸುಧಾರಣೆಗೆ ಸಮಯ ತೆಗೆದರೆ ಇವತ್ತಿನ ಕೆಲಸ ಮೊದಲು ಕುಂಟುತ್ತದೆ, ಫಲ ತಡವಾಗಿ ಬರುತ್ತದೆ; ಇನ್ನೆರಡು ಗಂಟೆ ಹೆಚ್ಚು ದುಡಿದರೆ ಫಲ ಈಗಲೇ ಕಣ್ಣಿಗೆ ಬೀಳುತ್ತದೆ. ಹೀಗಾಗಿ ಸಂಸ್ಥೆ ಎರಡನೆಯದಕ್ಕೇ ಜೋತುಬೀಳುತ್ತದೆ. ಇದನ್ನು ಕೇಳಿ ಅವರು ಅತ್ತರು. ಸೋಮಾರಿತನದ ಆರೋಪವನ್ನು ಅಷ್ಟು ಕಾಲ ಒಬ್ಬರೇ ಹೊತ್ತಿದ್ದರಲ್ಲ.

ನನ್ನ ಮೊದಲ ಸಲಹೆ ಕೆಟ್ಟದ್ದಾಗಿತ್ತು. ಬೆಳಿಗ್ಗೆ ಒಂದು ಗಂಟೆ ಫೋನ್ ಮ್ಯೂಟ್ ಮಾಡಿ ಎಂದಿದ್ದೆ. ಮಾಡಿದರು, ಮೂರನೇ ದಿನವೇ ಮೇಲಧಿಕಾರಿಯಿಂದ ಬೈಸಿಕೊಂಡರು. ಕಚೇರಿಯ ರೂಢಿಯ ಭಾರವನ್ನು ನಾನೂ ಅವರ ತಲೆಗೇ ಕಟ್ಟಿದ್ದೆ.

ಆಮೇಲೆ ದಾರಿ ಬದಲಿಸಿದೆವು. ಎರಡು ವಾರ ಪ್ರತಿ 'ಅರ್ಜೆಂಟ್' ಎದುರು ಎರಡೇ ವಿಷಯ ಬರೆಯುವುದು: ಯಾರು ಹೇಳಿದರು, ನಾಳೆ ಮಾಡಿದ್ದರೆ ಏನಾಗುತ್ತಿತ್ತು. ಅರ್ಧಕ್ಕಿಂತ ಹೆಚ್ಚಿನವುಗಳ ಮುಂದೆ 'ಏನೂ ಇಲ್ಲ' ಎಂದಿತ್ತು. ಆ ಹಾಳೆಯನ್ನೇ ಮೇಲಧಿಕಾರಿಗೆ ತೋರಿಸಿ, ದೂರು ಹೇಳದೆ, ವಾರಕ್ಕೆ ಒಂದು ಗಂಟೆ ಕೇಳಿ ಎಂದೆ. ಆ ಗಂಟೆಯಲ್ಲಿ ಯಾವ ಕೆಲಸ ತಡವಾಗುತ್ತದೆ ಎಂಬುದನ್ನೂ ಮೊದಲೇ ಹೇಳಿಬಿಡಿ, ನೋಟ್‌ಬುಕ್ಕಿನ ಒಂದೇ ಒಂದು ವಿಷಯ ಹಿಡಿಯಿರಿ, ಇಡೀ ಪಟ್ಟಿ ಬೇಡ ಎಂದೆ. ಆಗ ವಾಟ್ಸ್ಆ್ಯಪ್ ಗುಂಪು ನೋಡಲು ಕೈ ತುರಿಸುತ್ತದೆ ಎಂದೂ ಎಚ್ಚರಿಸಿದ್ದೆ. ತುರಿಸಿತಂತೆ!

"ಒಂದು ತಿಂಗಳು ನೋಡೋಣ" ಎಂದರಂತೆ ಮೇಲಧಿಕಾರಿ. ಕಾಲಂ ಸರಿಯಾಯಿತು, ದೂರು ನಿಂತಿತು, ಯಾರೂ ಗಮನಿಸಲಿಲ್ಲ. ಅದೇ ಅವರಿಗೆ ನೋವು. "ಸಭೆಯಲ್ಲಿ ನೀವೇ ಹೇಳಿ" ಎಂದೆ. ಹೊಗಳಿಕೊಂಡಂತಾಗುತ್ತದೆ ಎಂದು ಹಿಂಜರಿದರು. ಮುಂದಿನ ಭೇಟಿಯ ಹೊತ್ತಿಗೆ ಹೇಳಿದ್ದರು. ಸಭೆ ಮುಗಿದ ಮೇಲೆ ತಂಡದ ಕಿರಿಯ ಹುಡುಗ ಹತ್ತಿರ ಬಂದು, "ಮೇಡಂ, ನನ್ನ ಹತ್ರಾನೂ ಒಂದು ಪಟ್ಟಿ ಇದೆ" ಎಂದನಂತೆ. ನಿದ್ದೆ ಮಾತ್ರ ಇನ್ನೂ ಪೂರ್ತಿ ಸರಿಹೋಗಿಲ್ಲ.