ಸ್ಟೀಮ್‌ನ 30% ಕಟ್: ನಿಮ್ಮ 400 ರೂಪಾಯಿ ಗೇಮಿನ ಲೆಕ್ಕ

ದಾವಣಗೆರೆಯಲ್ಲಿ ಗೆಳೆಯರ ಜೊತೆ ಮಾಡಿದ 400 ರೂಪಾಯಿ ಗೇಮನ್ನು ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಹಾಕೋದಾ, ಕಮಿಷನ್ ಕಮ್ಮಿ ಇರೋ ಅಂಥದ್ದೇ ಇನ್ನೊಂದು ಅಂಗಡಿ ಎಪಿಕ್‌ಗಾ ಅಂತ ಕೇಳಿದ್ದೀರಿ. ಮೊದಲು ಲೆಕ್ಕ ನೋಡಿ. 400ರಲ್ಲಿ 18% ಜಿಎಸ್‌ಟಿ ಸೇರಿರುತ್ತದೆ. ಅದನ್ನು ಕಳೆದರೆ ಸುಮಾರು 339. ಸ್ಟೀಮ್ ಅದರಲ್ಲಿ 30% ಹಿಡಿದುಕೊಂಡರೆ ಉಳಿಯೋದು 237 ರೂಪಾಯಿ. 2018ರಿಂದ 25%, 20% ದರಗಳೂ ಇವೆ, ನಿಜ. ಆದರೆ ಅವು ಶುರುವಾಗೋದೇ 1 ಕೋಟಿ ಡಾಲರ್ ಮಾರಾಟ ದಾಟಿದ ಮೇಲೆ. ದೊಡ್ಡವರಿಗೇ ರಿಯಾಯಿತಿ, ನೋಡಿ!

ಎಪಿಕ್ ಹಿಡಿಯೋದು 12%. 2025ರ ಜೂನ್‌ನಿಂದ ಪ್ರತಿ ಗೇಮಿಗೆ ವರ್ಷದ ಮೊದಲ 10 ಲಕ್ಷ ಡಾಲರ್‌ವರೆಗೆ ಅದೂ ಇಲ್ಲ. ಇಚ್ ಅನ್ನೋ ಮತ್ತೊಂದು ಗೇಮ್ ಅಂಗಡಿಯಲ್ಲಂತೂ ಅವರಿಗೆ ಎಷ್ಟು ಕೊಡಬೇಕು ಅನ್ನೋದನ್ನು ನೀವೇ ತೀರ್ಮಾನಿಸಬಹುದು, ಸೊನ್ನೆಯೂ ಆಗುತ್ತೆ.

ಆದರೂ ನಾನು ಸ್ಟೀಮ್ ಅಂತಲೇ ಹೇಳ್ತೀನಿ. ದಲಾಲಿ ಕಮ್ಮಿ ಅಂತ ಖರೀದಿದಾರರೇ ಬಾರದ ಕಡೆ ಯಾರಾದರೂ ಮೆಕ್ಕೆಜೋಳದ ಲೋಡ್ ಇಳಿಸ್ತಾರಾ? ಹೊಸಬರ ಗೇಮ್ ಜನರ ಕಣ್ಣಿಗೆ ಬೀಳೋದು ಸ್ಟೀಮ್‌ನ ವಿಶ್‌ಲಿಸ್ಟ್ (ಮುಂದೆ ಕೊಳ್ಳೋಣ ಅಂತ ಜನ ಗುರುತು ಹಾಕಿಟ್ಟುಕೊಳ್ಳೋ ಪಟ್ಟಿ), ಸೇಲ್‌ಗಳಿಂದ. ಎರಡೂ ಕಡೆ ಹಾಕೋದಕ್ಕೂ ಅಡ್ಡಿಯಿಲ್ಲ.

ಸ್ಟೀಮ್‌ಗೆ ಮೊದಲೇ 100 ಡಾಲರ್ ಕಟ್ಟಬೇಕು. 1,000 ಡಾಲರ್ ಮಾರಾಟವಾದ ಮೇಲೆ ಅದು ವಾಪಸ್ ಬರುತ್ತೆ. ಇನ್ನೊಂದು ವಿಷಯ. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ಸ್ಟೀಮ್‌ನವರು ರೀಫಂಡ್ ಕೊಡ್ತಾರೆ. ನಿಮ್ಮದು ಒಂದೂವರೆ ಗಂಟೆಯ ಗೇಮ್ ಅಂದಿರಲ್ವಾ? ಪೂರ್ತಿ ಆಡಿ ಮುಗಿಸಿ ದುಡ್ಡು ವಾಪಸ್ ಕೇಳೋರು ಇರ್ತಾರೆ. ಕಮಿಷನ್‌ಗಿಂತ ಮೊದಲು ಅದರ ಬಗ್ಗೆ ಯೋಚನೆ ಮಾಡಿ.