ಯಾವ ಓದುಗರು, ಯಾವ ಪುಸ್ತಕ?

ಆತ್ಮೀಯರೇ,

ಫ್ರಾಂಕ್, ಜೋ ಎಂಬ ಅಣ್ಣತಮ್ಮಂದಿರು ಪತ್ತೇದಾರಿಕೆ ಮಾಡುವ ಹಾರ್ಡಿ ಬಾಯ್ಸ್ ಮಕ್ಕಳ ಸರಣಿಯ ಮೊದಲ ಕಾದಂಬರಿ ‘ದಿ ಟವರ್ ಟ್ರೆಷರ್’ ಬಗ್ಗೆ ಓದುಗರ ಅಭಿಪ್ರಾಯಗಳನ್ನು ಕಲೆಹಾಕಿ ನೀವು ಬರೆದ ಲೇಖನ ತಲುಪಿದೆ. ಭಾಷೆ ಸರಾಗವಾಗಿದೆ, ಕಾಗುಣಿತದಲ್ಲಿ ತಪ್ಪಿಲ್ಲ, ಕಥಾಸಾರ ಚೊಕ್ಕವಾಗಿದೆ. ಆದರೆ ಈ ರೂಪದಲ್ಲಿ ಇದನ್ನು ಪ್ರಕಟಿಸಲು ನನಗೆ ಸಾಧ್ಯವಿಲ್ಲ.

ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ಎರಡು ಸಾಲಿನ ವಿಷಾದಪತ್ರ ಹೋಗುತ್ತದೆ. ನಿಮಗೆ ಉದ್ದ ಬರೆಯುತ್ತಿದ್ದೇನೆ. ನಿಮ್ಮ ಕೈಗೆ ಸಿಕ್ಕಿದ್ದ ಸಾಮಗ್ರಿ ಅಪರೂಪದ್ದು, ಅದನ್ನು ನೀವು ಸಪ್ಪೆ ಮಾಡಿದ್ದೀರಿ. ಓದುತ್ತಾ ಓದುತ್ತಾ ನನಗೆ ಸಿಟ್ಟು ಬಂತು. ಆ ಸಿಟ್ಟಿಗೆ ಕಾರಣ ಏನೆಂದು ನಿಮಗೆ ತಿಳಿಯಬೇಕು.

ನಿಮ್ಮ ಮೂರನೇ ಪ್ಯಾರಾ ಹೀಗಿದೆ: “ಒಟ್ಟಾರೆಯಾಗಿ ಈ ಕಾದಂಬರಿಗೆ ಓದುಗರಿಂದ ಮಿಶ್ರ ಪ್ರತಿಕ್ರಿಯೆ ವ್ಯಕ್ತವಾಗಿದೆ. ಕೆಲವರು ಕಥೆಯ ವೇಗವನ್ನು ಮೆಚ್ಚಿದರೆ, ಮತ್ತೆ ಕೆಲವರು ನಿಧಾನ ಎಂದಿದ್ದಾರೆ. ಕೆಲವರಿಗೆ ಪೊಲೀಸರು ನಗೆಪಾಟಲಿನ ಪಾತ್ರಗಳಾಗಿ ಕಂಡರೆ, ಕೆಲವರಿಗೆ ಗೌರವಸ್ಥರಾಗಿ ಕಂಡಿದ್ದಾರೆ. ಅವರವರ ಅಭಿರುಚಿಗೆ ತಕ್ಕಂತೆ ಅಭಿಪ್ರಾಯಗಳೂ ಭಿನ್ನವಾಗಿವೆ.”

ಅಭಿರುಚಿಗೂ ಇದಕ್ಕೂ ಸಂಬಂಧವೇ ಇಲ್ಲ. ನಿಮ್ಮ ಓದುಗರು ಓದಿರುವುದು ಎರಡು ಬೇರೆ ಬೇರೆ ಪುಸ್ತಕ. ಹೆಸರು ಒಂದೇ, ಕಳ್ಳತನ ಒಂದೇ, ಪಠ್ಯ ಬೇರೆ. ಅಮೆರಿಕದಲ್ಲಿ ಈ ಕಾದಂಬರಿ ಮೊದಲು ಬಂದದ್ದು 1927ರಲ್ಲಿ. 1959ರಲ್ಲಿ ಅದನ್ನು ತಿದ್ದಿ, ಮೊಟಕುಗೊಳಿಸಿ, ಎಷ್ಟೋ ಕಡೆ ಪೂರ್ತಿ ಹೊಸದಾಗಿ ಬರೆದು ಅದೇ ಹೆಸರಿನಲ್ಲಿ ಮಾರಾಟಕ್ಕೆ ಬಿಟ್ಟರು. ಸುಮಾರು 215 ಪುಟವಿದ್ದದ್ದು 20 ಅಧ್ಯಾಯ, 180 ಪುಟಕ್ಕೆ ಇಳಿಯಿತು. ಇದೊಂದೇ ಪುಸ್ತಕದ ಕಥೆಯಲ್ಲ. 1959ರಿಂದ 1973ರವರೆಗೆ ಸರಣಿಯ ಮೊದಲ 38 ಪುಸ್ತಕಗಳಿಗೂ ಹೀಗೇ ಆಯಿತು. ಹಳೆಯ ಪುಸ್ತಕಗಳಲ್ಲಿದ್ದ ಜನಾಂಗೀಯ ಕೀಳುಮಾತುಗಳನ್ನು ತೆಗೆಯಬೇಕಿತ್ತು, ಅದು ಸರಿಯಾದ ಕೆಲಸವೇ. ಅದರ ಜೊತೆಗೆ ವರ್ಣನೆ, ತಮಾಷೆ, ನಿಧಾನವಾಗಿ ಕಟ್ಟಿದ ಸನ್ನಿವೇಶಗಳೂ ಹೋದವು.

ಈ ವಿಷಯ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಎರಡು ಪುಸ್ತಕದ ಅಭಿಪ್ರಾಯಗಳನ್ನು ಒಂದೇ ಚೀಲಕ್ಕೆ ಸುರಿದು, ಆಮೇಲೆ ಅವು ಹೊಂದುತ್ತಿಲ್ಲ ಎಂದು ಬರೆದಿದ್ದೀರಿ.

ನೀವೇ ಕೊಟ್ಟಿರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ಒಬ್ಬ ನಿವೃತ್ತರು ಹೇಳಿದ್ದು: “ರೈಲು ತಪ್ಪಿಸಿಕೊಂಡ ಆ ಪೊಲೀಸರನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.” ಇವರು ಓದಿದ್ದು 1927ರ ಪಠ್ಯ. ಆಸ್ಪತ್ರೆಯಲ್ಲಿ ಸಾಯುವ ಸ್ಥಿತಿಯಲ್ಲಿರುವ ಕಳ್ಳ ಜಾಕ್ಲಿಯ ಹೇಳಿಕೆ ಪಡೆಯಲು ಪೊಲೀಸ್ ಮುಖ್ಯಸ್ಥ ಕಾಲಿಗ್, ಪತ್ತೇದಾರ ಸ್ಮಫ್ ಇಬ್ಬರೂ ಹೊರಟಿರುತ್ತಾರೆ. ಅವರು ಹೋಗಿ ಕೆಲಸ ಕೆಡಿಸಬಾರದೆಂದು ಹುಡುಗರ ಗೆಳೆಯರು ಟಿಕ್ ಟಿಕ್ ಎನ್ನುವ ಗಡಿಯಾರವನ್ನು ಪೆಟ್ಟಿಗೆಯಲ್ಲಿಟ್ಟು ಹಣ್ಣಿನಂಗಡಿಯ ಹತ್ತಿರ ಬಿಡುತ್ತಾರೆ. ಬಾಂಬು ಎಂದು ಗುಲ್ಲೇಳುತ್ತದೆ, ರೈಲು ಹೊರಟುಹೋಗುತ್ತದೆ. ಆ ಪುಸ್ತಕದಲ್ಲಿ ಸ್ಮಫ್ ಪೊಲೀಸ್ ಇಲಾಖೆಯವನು. 1959ರ ಪುಸ್ತಕದಲ್ಲಿ ಅವನು ಇಲಾಖೆಗೆ ಸೇರಬೇಕೆಂದು ಹಂಬಲಿಸುವ ಖಾಸಗಿ ಪತ್ತೇದಾರ. ನಗೆಗೆ ಗುರಿಯಾಗುವವನನ್ನು ಪೊಲೀಸ್ ಸಮವಸ್ತ್ರದಿಂದ ಹೊರಗಿಟ್ಟರು, ಪೊಲೀಸರ ಮರ್ಯಾದೆ ಉಳಿಯಿತು. “ಗೌರವಸ್ಥರಾಗಿ ಕಂಡಿದ್ದಾರೆ” ಎಂದವರು ಓದಿದ್ದು ಈ ಪುಸ್ತಕ. ಇಬ್ಬರ ಮಾತೂ ನಿಜ, ಇಬ್ಬರ ನಡುವೆ ಜಗಳವೇ ಇಲ್ಲ.

ಇನ್ನೊಬ್ಬರು: “ಹಣ್ಣಿನಂಗಡಿಯವನನ್ನು ನಡೆಸಿಕೊಂಡ ರೀತಿ ನೋಡಿ ಪುಸ್ತಕ ಮುಚ್ಚಿಟ್ಟೆ.” ಇದೂ 1927ರದ್ದೇ, ಅದೇ ಗಡಿಯಾರದ ಪ್ರಸಂಗ. ಅಂಗಡಿಯ ರಾಕೊ ಇಟಲಿಯಿಂದ ಬಂದವನು. ಅವನ ಒಡಕು ಇಂಗ್ಲಿಷು, ಅವನ ಗಾಬರಿ, ಇವೇ ಅಲ್ಲಿನ ನಗೆಯ ಬಂಡವಾಳ. ಎಂದರೆ ನಿವೃತ್ತರು ನಕ್ಕದ್ದೂ ಇವರು ಪುಸ್ತಕ ಮುಚ್ಚಿಟ್ಟದ್ದೂ ಒಂದೇ ಪ್ರಸಂಗಕ್ಕೆ! ನಿಮ್ಮ ಇಡೀ ಲೇಖನದಲ್ಲಿ ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲೊಂದೇ ಕಡೆ. ಹದಿಹರೆಯದವರ ಕುಚೇಷ್ಟೆ ಎಂದು ಒಬ್ಬರು ನಕ್ಕರು, ಬಡ ವಲಸೆಗಾರನನ್ನು ಹೆದರಿಸಿ ಮೋಜು ನೋಡಿದರಲ್ಲ ಎಂದು ಇನ್ನೊಬ್ಬರು ನೊಂದರು. ಇದರ ಮೇಲೆ ನೀವು ಎರಡು ಪುಟ ಬರೆಯಬಹುದಿತ್ತು. ಬರೆದದ್ದು ಎರಡು ಬೇರೆ ಪ್ಯಾರಾಗಳಲ್ಲಿ ಒಂದೊಂದು ಸಾಲು. ಎರಡೂ ಒಂದೇ ಪ್ರಸಂಗ ಎಂಬುದನ್ನೂ ಗಮನಿಸಿಲ್ಲ.

ಮೂರನೆಯವರು: “ಹದಿನೆಂಟು ವರ್ಷದ ಹುಡುಗರು ಅಪ್ಪನನ್ನು ಇಷ್ಟೊಂದು ಕೇಳಿ ಕೇಳಿ ಮಾಡುತ್ತಾರಾ?” ಇದು 1959ರದ್ದೆಂದು ವಯಸ್ಸೇ ಹೇಳುತ್ತದೆ. ಮೂಲದಲ್ಲಿ ಫ್ರಾಂಕ್‌ಗೆ ಹದಿನಾರು, ಜೋಗೆ ಹದಿನೈದು. ಪರಿಷ್ಕರಿಸುವಾಗ ಹದಿನೆಂಟು, ಹದಿನೇಳು ಮಾಡಿದರು. ವಯಸ್ಸು ಏರಿದಾಗ ಅದೇ ವಿಧೇಯತೆ ಬೇರೆಯಾಗಿ ಕಾಣುವುದು ಸಹಜ. ನಿಮ್ಮ ಓದುಗರು ಇಷ್ಟು ಚುರುಕಾಗಿ ಓದಿದ್ದಾರೆ. ನೀವು ಅದನ್ನು “ಪಾತ್ರಚಿತ್ರಣದ ಬಗ್ಗೆಯೂ ಆಕ್ಷೇಪಗಳಿವೆ” ಎಂದು ಮುಗಿಸಿದ್ದೀರಿ.

ಪತ್ತೇದಾರಿ ಕಾದಂಬರಿಯ ಬಗ್ಗೆ ಬರೆಯಲು ಹೊರಟವರು ಕಣ್ಣೆದುರಿನ ಸುಳಿವು ಬಿಡಬಾರದು. ಯಾವ ಪ್ರತಿ, ಎಷ್ಟು ಪುಟ, ಹುಡುಗರ ವಯಸ್ಸು ಎಷ್ಟು ಎಂದು ಪ್ರತಿಯೊಬ್ಬರನ್ನೂ ಕೇಳಿದ್ದರೆ ಸಾಕಿತ್ತು, ನಿಮ್ಮ ‘ಮಿಶ್ರ ಪ್ರತಿಕ್ರಿಯೆ’ ಅಲ್ಲಿಗೇ ಬಿಡಿಸಿಕೊಳ್ಳುತ್ತಿತ್ತು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ವಾಕ್ಯವಿದೆ: “ಲೇಖಕ ಫ್ರಾಂಕ್ಲಿನ್ ಡಬ್ಲ್ಯು. ಡಿಕ್ಸನ್ ಅವರ ಲೇಖನಿ ಕಾಲದೊಂದಿಗೆ ಮಾಗಿರುವುದನ್ನು ಓದುಗರು ಗುರುತಿಸಿದ್ದಾರೆ.” ಡಿಕ್ಸನ್ ಎಂಬ ಮನುಷ್ಯ ಇರಲೇ ಇಲ್ಲ. ಅದು ಎಡ್ವರ್ಡ್ ಸ್ಟ್ರೇಟ್‌ಮೇಯರ್ ನಡೆಸುತ್ತಿದ್ದ ಸಂಸ್ಥೆ ಇಟ್ಟುಕೊಂಡಿದ್ದ ಹೆಸರು. ಕಥೆಯ ಹಂದರ ಸಂಸ್ಥೆಯಿಂದ ಬರುತ್ತಿತ್ತು, ಬರೆಯುವವರು ಬೇರೆ ಇರುತ್ತಿದ್ದರು. ಮೊದಲ ಹದಿನಾರು ಪುಸ್ತಕ ಬರೆದವರು ಕೆನಡಾದ ಪತ್ರಕರ್ತ ಲೆಸ್ಲಿ ಮ್ಯಾಕ್‌ಫಾರ್ಲೇನ್. ಆರಂಭದಲ್ಲಿ ಪುಸ್ತಕವೊಂದಕ್ಕೆ ಅವರಿಗೆ ಸಿಕ್ಕದ್ದು 125 ಡಾಲರ್. ರಾಯಲ್ಟಿ ಇಲ್ಲ, ಹೆಸರೂ ಇಲ್ಲ. ಪುಸ್ತಕಗಳು ಲಕ್ಷಗಟ್ಟಲೆ ಮಾರಾಟವಾದವು. ಸ್ಟ್ರೇಟ್‌ಮೇಯರ್ 1930ರಲ್ಲಿ ತೀರಿಕೊಂಡ ಮೇಲೆ ಸಂಸ್ಥೆ ಅವರ ಹೆಣ್ಣುಮಕ್ಕಳ ಕೈಗೆ ಬಂತು. ಮುಂದೆ ಈ ಪರಿಷ್ಕರಣೆ ನಡೆದದ್ದು ಅವರಲ್ಲಿ ಒಬ್ಬರಾದ ಹ್ಯಾರಿಯಟ್ ಆಡಮ್ಸ್ ಅವರ ಉಸ್ತುವಾರಿಯಲ್ಲಿ. ಹೀಗಿರುವಾಗ ಮಾಗಿದ್ದು ಯಾರ ಲೇಖನಿ? ಮೂಲ ಬರೆದವರು ಒಬ್ಬರು, ತಿದ್ದಿಸಿದವರು ಇನ್ನೊಬ್ಬರು. ಓದುಗರು ‘ಗುರುತಿಸಿದ್ದಾರೆ’ ಎಂದು ನೀವು ಬರೆದ ಆ ಮಾತನ್ನು ನಿಮ್ಮ ಓದುಗರಲ್ಲಿ ಒಬ್ಬರೂ ಹೇಳಿಲ್ಲ. ನೀವು ಕೊಟ್ಟ ಉದ್ಧರಣೆಗಳನ್ನೆಲ್ಲ ತಡಕಿದೆ, ಸಿಗಲಿಲ್ಲ. ಅದು ನಿಮ್ಮ ಊಹೆ. ಅದನ್ನು ಓದುಗರ ಬಾಯಿಗೆ ಹಾಕಿದ್ದೀರಿ. ಇದು ನನಗೆ ಸಹಿಸಲಾಗದ ಅಭ್ಯಾಸ.

ಅದೇ ಪ್ಯಾರಾದಲ್ಲಿ, “ಅಂದಿನ ಓದುಗರು ಇಂಥ ಪುಸ್ತಕಗಳನ್ನು ತುಂಬುಹೃದಯದಿಂದ ಸ್ವಾಗತಿಸಿದ್ದರು.” ಮಕ್ಕಳು ಹೌದು. ದೊಡ್ಡವರು? ಇದೇ ಸಂಸ್ಥೆ ಹೊರತರುತ್ತಿದ್ದಂಥ ಅಗ್ಗದ ಸರಣಿ ಪುಸ್ತಕಗಳು ಹುಡುಗರ ಮಿದುಳನ್ನೇ ಸಿಡಿಸಿಬಿಡುತ್ತವೆ ಎಂಬರ್ಥದ ತಲೆಬರಹ ಕೊಟ್ಟು 1914ರಲ್ಲೇ ಬಾಯ್ ಸ್ಕೌಟ್ಸ್‌ನ ಮುಖ್ಯ ಗ್ರಂಥಪಾಲಕ ಫ್ರಾಂಕ್ಲಿನ್ ಮ್ಯಾಥ್ಯೂಸ್ ಲೇಖನ ಬರೆದಿದ್ದರು. ಸರಣಿ ಪುಸ್ತಕಗಳನ್ನು ಒಳಗೇ ಸೇರಿಸದ ಗ್ರಂಥಾಲಯಗಳು ಆಮೇಲೂ ಎಷ್ಟೋ ಇದ್ದವು. ಮಕ್ಕಳು ತಮ್ಮ ಕಾಸಿನಲ್ಲಿ ಕೊಂಡು, ಕೈಯಿಂದ ಕೈಗೆ ದಾಟಿಸಿ ಓದಿದರು. ‘ಅಂದಿನ ಓದುಗರು’ ಎಂಬ ಒಂದೇ ಗುಂಪು ಆಗಲೂ ಇರಲಿಲ್ಲ.

ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ವಾರಪತ್ರಿಕೆಯೊಂದರಲ್ಲಿ ವಾಚಕರ ಪತ್ರ ವಿಭಾಗ ನನ್ನ ಪಾಲಿಗೆ ಬಂದಿತ್ತು. ಅಂಚೆಕಾರ್ಡು, ಇನ್‌ಲ್ಯಾಂಡ್ ಲೆಟರುಗಳ ಕಟ್ಟು ದಿನಾ ಮೇಜಿನ ಮೇಲಿರುತ್ತಿತ್ತು. ನಮ್ಮ ಹಿರಿಯ ಉಪಸಂಪಾದಕರು ಒಂದೊಂದೇ ಪತ್ರ ಕೈಗೆತ್ತಿಕೊಂಡು, ಕೆಂಪು ಪೆನ್ಸಿಲು ಹಿಡಿದು, “ಈ ಮಾತನ್ನು ಬೇರೆ ಯಾರಾದರೂ ಬರೆಯಬಹುದಿತ್ತೇನಯ್ಯ?” ಎಂದು ಕೇಳುತ್ತಿದ್ದರು. ಬರೆಯಬಹುದಿತ್ತು ಅಂದರೆ ಗೀಟು ಬೀಳುತ್ತಿತ್ತು. ‘ಧಾರಾವಾಹಿ ಸೊಗಸಾಗಿ ಮೂಡಿಬರುತ್ತಿದೆ’ ಎಂಬ ಸಾಲಿಗೆ ಅವರ ಪೆನ್ಸಿಲು ನಿಂತದ್ದೇ ಇಲ್ಲ.

ಆಗ ನಮ್ಮಲ್ಲಿ ಪತ್ತೇದಾರಿ ಧಾರಾವಾಹಿಯೊಂದು ಬರುತ್ತಿತ್ತು. ಗೋದಾಮಿನ ಕಾವಲುಗಾರ ದೂರದಿಂದಲೇ ಬೀಗ ಒಡೆದಿರುವುದನ್ನು ಕಂಡು ಕೂಗಿಕೊಳ್ಳುವ ಸನ್ನಿವೇಶ. ಅದಕ್ಕೊಂದು ಕಾರ್ಡು ಬಂತು, ಬರೆದವರು ರಾತ್ರಿ ಪಾಳಿಯ ಕಾವಲುಗಾರರು. ‘ನಾವು ಬೀಗವನ್ನು ಕಣ್ಣಿಂದ ನೋಡುವುದಿಲ್ಲ ಸ್ವಾಮಿ, ಒಂದೊಂದನ್ನೂ ಜಗ್ಗಿ ನೋಡಿ ಮುಂದೆ ಹೋಗುತ್ತೇವೆ. ಕತ್ತಲಲ್ಲಿ ಕಣ್ಣು ಏನು ಹೇಳೀತು’ ಎಂದಿತ್ತು. ಅಕ್ಷರ ಸೊಟ್ಟ, ತಪ್ಪುಗಳು ಹಲವು. ಹಿರಿಯರು ಅದನ್ನು ಓದಿ ಎದ್ದು ನಿಂತುಬಿಟ್ಟರು. ಆ ವಾರ ಪ್ರಾಧ್ಯಾಪಕರೊಬ್ಬರ ಉದ್ದನೆಯ ಪತ್ರವನ್ನು ಕೆಳಗೆ ತಳ್ಳಿ ಈ ಕಾರ್ಡನ್ನು ಪುಟದ ನೆತ್ತಿಯಲ್ಲಿ ಬಾಕ್ಸ್ ಕಟ್ಟಿ ಹಾಕಿದರು. ಧಾರಾವಾಹಿ ಬರೆಯುತ್ತಿದ್ದವರು ಮುಂದೆ ಅದು ಪುಸ್ತಕವಾದಾಗ ಆ ಸನ್ನಿವೇಶವನ್ನೇ ತಿದ್ದಿಕೊಂಡರು. ಓದುಗರ ಅಭಿಪ್ರಾಯ ಎಂದರೆ ಏನೆಂದು ನನಗೆ ಅರ್ಥವಾದದ್ದು ಆ ಕಾರ್ಡಿನಿಂದ. ಯಾವುದೋ ಬದುಕು ಬದುಕಿದವರು ಆ ಬದುಕನ್ನು ಹೊತ್ತೇ ಪುಸ್ತಕದ ಒಳಗೆ ಬಂದಿರುತ್ತಾರೆ. ಎಲ್ಲಿ ಅದು ಕಥೆಗೆ ತಗುಲುತ್ತದೋ ಅಲ್ಲಿ ಮಾತು ಹುಟ್ಟುತ್ತದೆ.

ಇಷ್ಟೆಲ್ಲ ಏಕೆ ಹೇಳಿದೆನೆಂದರೆ, ಅಂಥದ್ದೊಂದು ಮಾತು ನಿಮಗೂ ಸಿಕ್ಕಿದೆ. ನೀವು ಅದನ್ನು ಹೂತುಹಾಕಿದ್ದೀರಿ. ಕೊನೆಯ ಪುಟದಲ್ಲಿ, ಆವರಣದೊಳಗೆ, ಹೆಂಗಸೊಬ್ಬರ ಮಾತು: “ಸ್ಲಿಮ್ ಶಾಲೆ ಬಿಟ್ಟ ಕಡೆ ಓದು ಮುಂದೆ ಸಾಗಲಿಲ್ಲ. ನಾನೂ ಹಾಗೇ ಬಿಟ್ಟವಳು.”

ಕಥೆಯಲ್ಲಿ ಟವರ್ ಮ್ಯಾನ್ಷನ್‌ನಿಂದ ಒಡವೆ, ಬಾಂಡುಗಳು ಕಳುವಾಗುತ್ತವೆ. ಮನೆಯ ಉಸ್ತುವಾರಿ ನೋಡುವ ರಾಬಿನ್ಸನ್ ಹಳೆಯ ಸಾಲವನ್ನು ಇದ್ದಕ್ಕಿದ್ದಂತೆ ತೀರಿಸಿದನೆಂಬ ಕಾರಣಕ್ಕೆ ಅನುಮಾನ ಅವನ ಮೇಲೆ ಬೀಳುತ್ತದೆ. ಕೆಲಸ ಹೋಗುತ್ತದೆ. ಮಗ ಸ್ಲಿಮ್ ಓದು ಬಿಟ್ಟು ದುಡಿಯಲು ಹೋಗುತ್ತಾನೆ. ಹಾರ್ಡಿ ಹುಡುಗರಿಗೆ ಈ ಪ್ರಕರಣ ಆಟವಾಗಿ ಉಳಿಯದೆ ತುರ್ತಾಗುವುದು ಇದರಿಂದಲೇ. 1927ರ ಪುಸ್ತಕದಲ್ಲೂ ಇದು ಇದೆ, 1959ರಲ್ಲೂ ಇದೆ. ಎಂದರೆ ಆ ಹೆಂಗಸು ಯಾವ ಪ್ರತಿಯನ್ನೇ ಓದಿರಲಿ, ಅವರ ಮಾತು ನಿಲ್ಲುತ್ತದೆ. ನಿಮ್ಮ ಲೇಖನದಲ್ಲಿ ಬೇರೆ ಯಾವ ಅಭಿಪ್ರಾಯಕ್ಕೂ ಈ ಗಟ್ಟಿತನ ಇಲ್ಲ. ಅದಕ್ಕೆ ನೀವು ಕೊಟ್ಟ ವ್ಯಾಖ್ಯಾನ: “ಕಾದಂಬರಿಯಲ್ಲಿ ಭಾವನಾತ್ಮಕ ಅಂಶಗಳೂ ಇವೆ.”

ಆಕೆ ಯಾವ ತರಗತಿಯಲ್ಲಿ ಶಾಲೆ ಬಿಟ್ಟರು? ಯಾರಿಗಾಗಿ? ಈ ಪುಸ್ತಕ ಅವರ ಕೈಗೆ ಬಂದದ್ದು ಅದಕ್ಕೂ ಮೊದಲೋ, ಆಮೇಲೋ? ಆಮೇಲಾದರೆ, ಮಕ್ಕಳ ಪುಸ್ತಕವನ್ನು ದೊಡ್ಡವರಾಗಿ ಕೈಗೆತ್ತಿಕೊಂಡದ್ದು ಏಕೆ? ನಿಧಿ ಸಿಕ್ಕಿ, ಕಳಂಕ ತೊಳೆದು, ಸ್ಲಿಮ್ ಬದುಕು ಮತ್ತೆ ಹಳಿಗೆ ಬಂದಾಗ ಅವರಿಗೆ ಸಮಾಧಾನವಾಯಿತೋ, ಇಲ್ಲ ಸಂಕಟವಾಯಿತೋ? ಇದೊಂದನ್ನೂ ನೀವು ಕೇಳಿಲ್ಲ. ಕೇಳಲು ಸಂಕೋಚವಾಗಿರಬಹುದು. ಆದರೆ ಅವರಾಗಿಯೇ ಬಾಗಿಲು ತೆರೆದಿದ್ದಾರೆ, ಮರ್ಯಾದೆಯಿಂದ ಕೇಳಿದರೆ ಹೇಳುತ್ತಾರೆ. ಹೇಳಲು ಮನಸ್ಸಿಲ್ಲದಿದ್ದರೆ ಅಷ್ಟಕ್ಕೇ ಬಿಡಿ, ಇರುವ ಎರಡು ವಾಕ್ಯವನ್ನೇ ಆವರಣದಿಂದ ಹೊರಗೆ ತನ್ನಿ.

ಲೇಖನದ ಉಳಿದ ಭಾಗದ ಬಗ್ಗೆ ನಾನು ಏನೂ ಹೇಳುತ್ತಿಲ್ಲ. ಮುಖಪುಟ ಚಿತ್ರಗಳ ಭಾಗ, ಇತರ ಸರಣಿಗಳ ಜೊತೆಗಿನ ಹೋಲಿಕೆ, ಇವೆಲ್ಲ ಇದ್ದರೂ ಆದೀತು, ಹೋದರೂ ಆದೀತು.

ಈಗ ಮಾಡಬೇಕಾದದ್ದು: ಎರಡು ಪಠ್ಯವನ್ನೂ ಎದುರಿಗಿಟ್ಟುಕೊಂಡು ಓದಿ. 1927ರ ಪಠ್ಯದ ಕಾಪಿರೈಟ್ ಅಮೆರಿಕದಲ್ಲಿ 2023ರ ಆರಂಭಕ್ಕೆ ಮುಗಿದಿದೆ, ಹುಡುಕಿದರೆ ಸಿಗುತ್ತದೆ. ಆಮೇಲೆ ನಿಮ್ಮ ಓದುಗರ ಬಳಿ ಮತ್ತೆ ಹೋಗಿ, ಅವರು ಓದಿದ್ದು ಯಾವುದೆಂದು ಖಚಿತ ಮಾಡಿಕೊಳ್ಳಿ. ನಾನು ಮೇಲೆ ಸುಳಿವಿನಿಂದ ಹೇಳಿದ್ದನ್ನೂ ಹಾಗೇ ನಂಬಬೇಡಿ, ಅವರ ಬಾಯಿಂದಲೇ ಕೇಳಿ. ಎಲ್ಲರ ಮಾತೂ ಬೇಕಿಲ್ಲ, ನಾಲ್ಕೈದು ಜನ ಸಾಕು. ಅವರಲ್ಲಿ ನಿವೃತ್ತರು, ಹಣ್ಣಿನಂಗಡಿಯ ಪ್ರಸಂಗಕ್ಕೆ ನೊಂದವರು, ಶಾಲೆ ಬಿಟ್ಟ ಆ ಹೆಂಗಸು ಇರಲೇಬೇಕು. ‘ಒಟ್ಟಾರೆಯಾಗಿ’ ಎಂದು ಶುರುವಾಗುವ ವಾಕ್ಯ ಒಂದೂ ಬೇಡ. ಡಿಕ್ಸನ್ ಪ್ಯಾರಾ ಪೂರ್ತಿ ಹೋಗಲಿ, ಆ ಜಾಗದಲ್ಲಿ ಮ್ಯಾಕ್‌ಫಾರ್ಲೇನ್ ಬರಲಿ. ಅವರು 1976ರಲ್ಲಿ ಆತ್ಮಕಥೆ ಬರೆದಿದ್ದಾರೆ, ಓದದೆ ಬರೆಯಬೇಡಿ.

ಹೊಸ ಕರಡನ್ನು ನೇರವಾಗಿ ನನ್ನ ಹೆಸರಿಗೇ ಕಳಿಸಿ. ಉದ್ದದ ಬಗ್ಗೆ ಚಿಂತೆ ಬೇಡ. ಆ ಹೆಂಗಸಿನ ಹೆಸರು ಹಾಕಬಹುದೇ ಎಂದು ಅವರನ್ನೇ ಕೇಳಿ, ಒಪ್ಪದಿದ್ದರೆ ಹೆಸರಿಲ್ಲದೆಯೇ ಹಾಕೋಣ.

ಇತಿ,
ಸಂಪಾದಕ