‘ಕಂಡುಬಂದಿದೆ’: ಯಾರಿಗೆ?

ಆತ್ಮೀಯರೆ,

ನೀವು ಗಂಗಾವತಿಯಿಂದ ಕಳುಹಿಸಿದ ‘ಸಕ್ಕರೆ, ಮೂತ್ರಪಿಂಡ ಮತ್ತು ಹಣೆಬರಹ’ ಎಂಬ ಲೇಖನವನ್ನು ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ, ವಿಷಯ ನಮ್ಮ ಭಾಗದ ಓದುಗರಿಗೆ ಬೇಕಾದದ್ದು, ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವರೊಬ್ಬರು ಇಷ್ಟು ಶ್ರಮ ವಹಿಸಿದ್ದು ಸಂತೋಷ. ನಿಮ್ಮ ದೊಡ್ಡ ಸೋದರಮಾವ ವಾರಕ್ಕೆರಡು ದಿನ ಡಯಾಲಿಸಿಸ್‌ಗೆಂದು ನಸುಕಿನಲ್ಲೇ ಬಳ್ಳಾರಿಯ ಬಸ್ಸು ಹಿಡಿಯುವುದನ್ನೂ, ಇಡೀ ದಿನಕ್ಕೆ ಕುಡಿಯಬಹುದಾದ ನೀರನ್ನು ಬೆಳಿಗ್ಗೆಯೇ ಒಂದು ಸ್ಟೀಲ್ ತಂಬಿಗೆಯಲ್ಲಿ ತುಂಬಿಟ್ಟುಕೊಂಡು ಸಂಜೆಯ ಹೊತ್ತಿಗೆ ಅದರ ತಳ ನೋಡುತ್ತ ಕೂರುವುದನ್ನೂ ಬರೆದ ಪ್ಯಾರಾಕ್ಕೆ ನಾನು ಪೆನ್ನು ತಾಗಿಸಿಲ್ಲ. ಆದರೆ ಲೇಖನವನ್ನು ಈಗಿರುವ ಸ್ಥಿತಿಯಲ್ಲಿ ಅಚ್ಚು ಹಾಕಲಾರೆ. ಅದಕ್ಕೆ ನಿಮ್ಮ ಎರಡು ಕ್ರಿಯಾಪದಗಳು ಕಾರಣ.

ಮೊದಲನೆಯದು ‘ಕಂಡುಬಂದಿದೆ’. ನಾಲ್ಕು ಪುಟಗಳಲ್ಲಿ ಅದು ಹನ್ನೊಂದು ಕಡೆ ಇದೆ, ಎಣಿಸಿದ್ದೇನೆ. ಎರಡನೆಯ ಪುಟದ ಆರಂಭದಲ್ಲಿ, “ಮಧುಮೇಹಿಗಳ ಮೂತ್ರಪಿಂಡದ ಕಾಯಿಲೆ ವಂಶಪಾರಂಪರ್ಯವಾದದ್ದೆಂದೂ, ರೋಗಿಯ ಒಡಹುಟ್ಟಿದವರಲ್ಲಿ ಶೇ 83 ಮಂದಿಗೆ ಅದು ಬರುತ್ತದೆಂದೂ ಸಂಶೋಧನೆಗಳಿಂದ ಕಂಡುಬಂದಿದೆ” ಎಂದು ಬರೆದಿದ್ದೀರಿ. ಈ ಶೇ 83 ಎಲ್ಲಿಂದ ಬಂದದ್ದೆಂದು ನನಗೆ ಗೊತ್ತಿದೆ, ಆದರೆ ನಿಮ್ಮ ಓದುಗರಿಗೆ ಗೊತ್ತಾಗುವುದಿಲ್ಲ. 1989ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಎಲಿಜಬೆತ್ ಸೀಕ್ವಿಸ್ಟ್ ಮತ್ತು ಸಂಗಡಿಗರು, ಒಂದಕ್ಕಿಂತ ಹೆಚ್ಚು ಮಕ್ಕಳಿಗೆ ಮಧುಮೇಹವಿದ್ದ ಕುಟುಂಬಗಳನ್ನು ಪರೀಕ್ಷಿಸಿದರು. ಮಧುಮೇಹದಿಂದ ಮೂತ್ರಪಿಂಡ ಕೆಟ್ಟು ಕಸಿ ಮಾಡಿಸಿಕೊಂಡವರ ಮಧುಮೇಹಿ ಒಡಹುಟ್ಟಿದವರು 29 ಮಂದಿ. ಅವರಲ್ಲಿ 24 ಮಂದಿಯ ಮೂತ್ರಪಿಂಡದಲ್ಲಿ ತೊಂದರೆ ಇತ್ತು. ಮೂತ್ರಪಿಂಡ ಚೆನ್ನಾಗಿದ್ದ ಮಧುಮೇಹಿಗಳ ಕಡೆ ನೋಡಿದರೆ, ಅವರ ಮಧುಮೇಹಿ ಒಡಹುಟ್ಟಿದವರು 12 ಮಂದಿ, ತೊಂದರೆ ಇದ್ದವರು ಇಬ್ಬರೇ. ಇದೇ ಶೇ 83 ಮತ್ತು ಶೇ 17. ಅದು ಮಹತ್ವದ ಅಧ್ಯಯನವೆಂಬುದರಲ್ಲಿ ಅನುಮಾನವಿಲ್ಲ; ಸಕ್ಕರೆಯ ಮಟ್ಟವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು, ಮನೆತನದಲ್ಲೂ ಏನೋ ಇದೆ ಎಂಬ ಯೋಚನೆಗೆ ಅದು ಬಲ ಕೊಟ್ಟಿತು. ಆದರೆ ‘29 ಮಂದಿಯಲ್ಲಿ 24’ ಎಂದು ಓದಿದವನು ಯೋಚಿಸುತ್ತಾನೆ, ‘ಶೇ 83’ ಎಂದು ಓದಿದವನು ಹೆದರುತ್ತಾನೆ. ಅವರೆಲ್ಲ ಚಿಕ್ಕಂದಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುವ ಮೊದಲನೆಯ ಬಗೆಯ ಮಧುಮೇಹಿಗಳು. ನಿಮ್ಮ ಮಾವನವರದು ನಲವತ್ತು ದಾಟಿದ ಮೇಲೆ ಬಂದ ಎರಡನೆಯ ಬಗೆ. ಒಂದು ಮನೆಯಲ್ಲಿ ಹುಟ್ಟಿದವರು ಜೀನುಗಳನ್ನಷ್ಟೇ ಅಲ್ಲ, ಒಂದೇ ಅಡುಗೆಮನೆಯ ಉಪ್ಪನ್ನೂ ಹಂಚಿಕೊಂಡಿರುತ್ತಾರೆ. ಇದೆಲ್ಲವನ್ನೂ ನಿಮ್ಮ ‘ಕಂಡುಬಂದಿದೆ’ ನುಂಗಿಬಿಟ್ಟಿದೆ.

ಅದೇ ಪುಟದ ಕೊನೆಯಲ್ಲಿ ಎಪಿಒಎಲ್1 ಎಂಬ ಜೀನ್ “ಅತ್ಯಂತ ಅಪಾಯಕಾರಿಯೆಂದು ಕಂಡುಬಂದಿದೆ” ಎಂದಿದ್ದೀರಿ. ಯಾರಲ್ಲಿ ಕಂಡುಬಂತು? 2010ರಲ್ಲಿ ಗುರುತಿಸಿದ ಆ ಜೀನಿನ ಎರಡು ಮಾರ್ಪಾಡುಗಳು ಇರುವುದು ಮುಖ್ಯವಾಗಿ ಪಶ್ಚಿಮ ಆಫ್ರಿಕಾ ಮೂಲದ ಜನರಲ್ಲಿ. ನೊಣ ಕಚ್ಚಿ ಹರಡುವ ಆಫ್ರಿಕಾದ ನಿದ್ರಾರೋಗದ ಪರೋಪಜೀವಿಯಿಂದ ರಕ್ಷಣೆ ಕೊಡುವುದರಿಂದ ಅಲ್ಲಿ ಉಳಿದುಬಂದಿವೆ, ಮತ್ತು ಅವುಗಳ ನಂಟು ಹೆಚ್ಚು ಗಟ್ಟಿಯಾಗಿರುವುದು ಮಧುಮೇಹದಿಂದಲ್ಲದ ಮೂತ್ರಪಿಂಡದ ಕಾಯಿಲೆಗಳ ಜೊತೆ. ಕಾರಟಗಿಯ ಓದುಗನನ್ನು ಅದರಿಂದ ಹೆದರಿಸುವ ಅಗತ್ಯ ನನಗೆ ಕಾಣಲಿಲ್ಲ.

ಈ ಪದದ ಮೇಲೆ ನನಗಿರುವ ಸಿಟ್ಟು ಹಳೆಯದು. ಬಳ್ಳಾರಿಯ ಒಂದು ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ನಾನು ಸೇರಿದಾಗ ಇನ್ನೂ ಅಚ್ಚುಮೊಳೆಗಳ ಕಾಲ. ಅಲ್ಲಿದ್ದ ಹಿರಿಯ ಉಪಸಂಪಾದಕರೊಬ್ಬರು ಬೇಸಿಗೆಯ ಮಧ್ಯಾಹ್ನಗಳಲ್ಲಿ ಒದ್ದೆ ಟವೆಲನ್ನು ಕೊರಳಿಗೆ ಸುತ್ತಿಕೊಂಡು ಕೂತು, ನಾನು ಬರೆದದ್ದರಲ್ಲಿ ಎಲ್ಲೆಲ್ಲಿ ‘ಕಂಡುಬಂದಿದೆ’ ಇರುತ್ತಿತ್ತೋ ಅಲ್ಲೆಲ್ಲ ಕೆಂಪು ಪೆನ್ಸಿಲಿನಿಂದ ಕಣ್ಣಿನ ಚಿತ್ರ ಬರೆದು ವಾಪಸು ಕೊಡುತ್ತಿದ್ದರು. “ಯಾರಿಗಪ್ಪಾ ಕಂಡುಬಂತು? ನಿನಗ ಕಂಡೈತೇನು?” ಎಂದು ಒಮ್ಮೆ ಕೇಳಿದ್ದು ಬಿಟ್ಟರೆ ಬೇರೆ ಪಾಠ ಹೇಳಿದವರಲ್ಲ. ಒಂದು ಪುಟದಲ್ಲಿ ಏಳು ಕಣ್ಣುಗಳು ನನ್ನನ್ನು ನೋಡುತ್ತಿದ್ದ ದಿನ ನನಗೆ ಬಂದ ಕೋಪ ಎಂಥದ್ದೆಂದು, ಈ ಪತ್ರ ಓದುತ್ತಿರುವ ನಿಮಗೆ ವಿವರಿಸಬೇಕಿಲ್ಲ.

ಎರಡನೆಯ ಕ್ರಿಯಾಪದ ‘ಆಗುತ್ತದೆ’. “ಎಸಿಇ ಜೀನಿನ ಡಿ ರೂಪವಿರುವ ಮಧುಮೇಹಿಗೆ ಕ್ರಮೇಣ ಮೂತ್ರಪಿಂಡ ವೈಫಲ್ಯ ಆಗುತ್ತದೆ” ಎಂಬುದು ಮೂರನೆಯ ಪುಟದ ನಿಮ್ಮ ವಾಕ್ಯ. ರಕ್ತದೊತ್ತಡ ಏರಿಸುವ ವ್ಯವಸ್ಥೆಗೆ ಸೇರಿದ ಕಿಣ್ವವೊಂದನ್ನು ತಯಾರಿಸುವ ಈ ಜೀನಿನಲ್ಲಿ ಒಂದು ಸಣ್ಣ ತುಣುಕು ಕೆಲವರಲ್ಲಿ ಇರುತ್ತದೆ, ಕೆಲವರಲ್ಲಿ ಬಿಟ್ಟುಹೋಗಿರುತ್ತದೆ. ಬಿಟ್ಟುಹೋದದ್ದೇ ಡಿ ರೂಪ, ಅದಿರುವವರಲ್ಲಿ ಕಿಣ್ವದ ಪ್ರಮಾಣ ತುಸು ಹೆಚ್ಚು. ಇಷ್ಟು ಸರಿ. ಆದರೆ ಡಿ ರೂಪ ಅಪರೂಪದ್ದಲ್ಲ. ನಿಮ್ಮ ತರಗತಿಯ ಬೆಂಚಿನ ಮೇಲೆ ಕೂತ ಎಷ್ಟೋ ಮಕ್ಕಳಲ್ಲಿ, ಬಹುಶಃ ನನ್ನಲ್ಲಿ, ನಿಮ್ಮಲ್ಲಿಯೂ ಅದಿದೆ. ಕೆಲವು ಅಧ್ಯಯನಗಳಲ್ಲಿ ಅದಿರುವ ಮಧುಮೇಹಿಗಳಲ್ಲಿ ಕಾಯಿಲೆ ಸ್ವಲ್ಪ ಹೆಚ್ಚೆಂದು ಬಂದಿದೆ, ಕೆಲವದರಲ್ಲಿ ವ್ಯತ್ಯಾಸವೇ ಇಲ್ಲವೆಂದು ಬಂದಿದೆ. ಹೀಗಿರುವಾಗ ‘ಆಗುತ್ತದೆ’ ಎಂದು ಬರೆಯಲು ಕನ್ನಡ ನಿಮಗೆ ಅನುಮತಿ ಕೊಟ್ಟಿದ್ದು ಹೇಗೆ? ‘ಆಗಬಹುದು’ ಎಂದರೂ ನನಗೆ ಸಮಾಧಾನವಿಲ್ಲ, ಏಕೆಂದರೆ ಆಗಬಹುದಾದದ್ದು ಯಾರಿಗೆ ಏನು ಬೇಕಾದರೂ ಆಗಬಹುದು. ‘ಅದಿರುವವರ ಗುಂಪಿನಲ್ಲಿ ಕಾಯಿಲೆ ಬಂದವರ ಪಾಲು ತುಸು ಹೆಚ್ಚು’ ಎಂದು ಬರೆಯಿರಿ. ವಾಕ್ಯ ಉದ್ದವಾಗುತ್ತದೆ, ಆಗಲಿ.

ಇನ್ನೊಂದು ಮಾತನ್ನು ನೀವೇ ಹೇಳಬಹುದಿತ್ತು. ಅದೇ ಎಸಿಇ ಕಿಣ್ವವನ್ನು ತಡೆಯುವ ಕ್ಯಾಪ್ಟೊಪ್ರಿಲ್ ಎಂಬ ಗುಳಿಗೆಯನ್ನು ಮೂತ್ರಪಿಂಡ ಹದಗೆಟ್ಟಿದ್ದ 409 ಮಧುಮೇಹಿಗಳಲ್ಲಿ ಪರೀಕ್ಷಿಸಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಅದನ್ನು ನುಂಗಿದವರಲ್ಲಿ ಸಾವು, ಡಯಾಲಿಸಿಸ್ ಅಥವಾ ಕಸಿಯ ಹಂತ ಮುಟ್ಟುವ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಯಾರ ಜೀನ್ ಯಾವ ರೂಪದ್ದೆಂದು ನೋಡಿ ಕೊಟ್ಟ ಗುಳಿಗೆಯಲ್ಲ ಅದು.

ಈಗ ನಿಮ್ಮ ಮನೆಗೇ ಬರೋಣ. ಮೊದಲ ಪುಟದಲ್ಲಿ, ಚಿಕ್ಕ ಸೋದರಮಾವನಿಗೂ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಆದರೆ ಮೂತ್ರಪಿಂಡ ಚೆನ್ನಾಗಿದೆ, ಈಗಲೂ ಭತ್ತದ ಗದ್ದೆಗೆ ತಾವೇ ನೀರು ಕಟ್ಟುತ್ತಾರೆ ಎಂದು ಅರ್ಧ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಒಂದೇ ತಂದೆತಾಯಿ, ಒಂದೇ ಕಾಯಿಲೆ. ಒಬ್ಬರು ತಂಬಿಗೆಯ ತಳ ನೋಡುತ್ತಿದ್ದಾರೆ, ಇನ್ನೊಬ್ಬರು ಗದ್ದೆಯಲ್ಲಿದ್ದಾರೆ. ಮಧುಮೇಹಿಗಳಲ್ಲಿ ಸುಮಾರು ಮೂವರಲ್ಲೊಬ್ಬರಿಗೆ ಮಾತ್ರ ಮೂತ್ರಪಿಂಡ ಏಕೆ ಕೆಡುತ್ತದೆ, ಉಳಿದವರಿಗೆ ಏಕಿಲ್ಲ ಎಂಬ ಇಡೀ ಪ್ರಶ್ನೆ ನಿಮ್ಮ ತಾಯಿಯ ತವರಿನ ಪಡಸಾಲೆಯಲ್ಲೇ ಕೂತಿರುವಾಗ ನೀವು ಅದನ್ನು ಮಿನ್ನೆಸೋಟದಲ್ಲಿ ಹುಡುಕಿದಿರಿ. ಅಣ್ಣತಮ್ಮಂದಿರು ಹಂಚಿಕೊಳ್ಳುವುದು ಸರಾಸರಿ ಅರ್ಧದಷ್ಟು ಜೀನುಗಳನ್ನು ಮಾತ್ರ. ತಮ್ಮನಿಗೆ ಬಂದದ್ದರಲ್ಲಿ ಕಾಯುವಂಥದ್ದೂ ಏನಾದರೂ ಇದ್ದಿರಬಹುದಲ್ಲ? 2019ರಲ್ಲಿ ಯುರೋಪ್ ಮೂಲದ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಮೊದಲನೆಯ ಬಗೆಯ ಮಧುಮೇಹಿಗಳನ್ನು ಅಭ್ಯಸಿಸಿದ ಅಂತಾರಾಷ್ಟ್ರೀಯ ತಂಡ, ಮೂತ್ರಪಿಂಡದ ಕಾಯಿಲೆಗೆ ಸಂಬಂಧಿಸಿದ 16 ಹೊಸ ತಾಣಗಳನ್ನು ಡಿಎನ್‌ಎಯಲ್ಲಿ ಗುರುತಿಸಿತು. ಅವುಗಳಲ್ಲಿ ಎದ್ದು ಕಂಡದ್ದು ಸಿಒಎಲ್4ಎ3 ಎಂಬ ಜೀನಿನ ಒಂದು ಮಾರ್ಪಾಡು, ಮತ್ತು ಅದು ಕೆಡಿಸುವುದಲ್ಲ, ಕಾಯುವುದು. ರಕ್ತ ಸೋಸುವ ಲಕ್ಷಾಂತರ ಸಣ್ಣ ಜರಡಿಗಳ ಪೊರೆಗೆ ಬೇಕಾದ ಕೊಲಾಜೆನ್ ಎಳೆಯೊಂದನ್ನು ನೇಯುವ ಜೀನ್ ಅದು. ಅಕ್ಕಿಯ ಗಿರಣಿಗಳ ಊರಿನಲ್ಲಿ ಕೂತು ಬರೆಯುವ ನಿಮಗೆ ಜರಡಿಯ ಕಣ್ಣು ಅಗಲವಾದರೆ ಏನಾಗುತ್ತದೆಂದು ನಾನು ಹೇಳಬೇಕೆ? ರಕ್ತದಲ್ಲೇ ಉಳಿಯಬೇಕಾದ ಅಲ್ಬುಮಿನ್ ಎಂಬ ಪ್ರೋಟೀನ್ ಕೆಳಗೆ ಬೀಳುತ್ತದೆ, ಮೂತ್ರದಲ್ಲಿ ನೊರೆಯಾಗುತ್ತದೆ.

ಕೊನೆಯ ಪ್ಯಾರಾದ ಒಂದು ವಾಕ್ಯವನ್ನು ನಾನೇ ಹೊಡೆದುಹಾಕಿದ್ದೇನೆ: “ಇಂಥ ಮನೆತನಗಳೊಂದಿಗೆ ಸಂಬಂಧ ಬೆಳೆಸುವ ಮುನ್ನ ಜೀನ್ ಪರೀಕ್ಷೆ ಮಾಡಿಸುವುದು ಒಳಿತು.” ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನಾನು ಕೊಪ್ಪಳದ ಕಡೆಯ ಒಂದು ಹಳ್ಳಿಯ ಫ್ಲೋರೈಡ್ ನೀರಿನ ಬಗ್ಗೆ ವರದಿ ಬರೆದು, ‘ಈ ಊರಿನವರ ಹಲ್ಲು, ಮೂಳೆಗಳು ಹಾಳಾಗುತ್ತವೆ’ ಎಂದಿದ್ದೆ. ಕೆಟ್ಟಿದ್ದುದು ಎರಡು ಕೊಳವೆಬಾವಿಗಳ ನೀರು. ನಾನು ಇಡೀ ಊರಿಗೆ ಬರೆದೆ. ತಿಂಗಳೊಳಗೆ ಹಿರಿಯರೊಬ್ಬರು ಪತ್ರಿಕೆಯ ಆ ತುಂಡನ್ನು ಅಂಗಿಯ ಕಿಸೆಯಲ್ಲಿ ಮಡಚಿಟ್ಟುಕೊಂಡು ಕಚೇರಿಗೆ ಬಂದರು. ಅವರ ಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿದಿತ್ತು. “ಹಾಳಾಗ್ತಾವ ಅಂತ ಬರದೀರಿ. ನನ್ನ ಮಗಳ ಹಲ್ಲು ನೋಡೀರೇನ್ರೀ?” ಎಂದಷ್ಟೇ ಕೇಳಿ ಹೋದರು. ಒದ್ದೆ ಟವೆಲಿನ ಹಿರಿಯರು ಪಕ್ಕದಲ್ಲೇ ಇದ್ದರು. ಅಂದು ಅವರು ಪೆನ್ಸಿಲ್ ಎತ್ತಲಿಲ್ಲ.

ಮಧುಮೇಹಿಯ ಮೂತ್ರಪಿಂಡ ಕೆಡುವುದೋ ಇಲ್ಲವೋ ಎಂದು ಮದುವೆಗೆ ಮುಂಚೆ ತೀರ್ಪು ಕೊಡುವ ಜೀನ್ ಪರೀಕ್ಷೆ ಇಲ್ಲ. ಒಂದೊಂದೂ ಚೂರು ಚೂರು ತೂಗುವ ಅನೇಕ ಜೀನುಗಳು, ಅವುಗಳ ಮೇಲೆ ಕಾಯಿಲೆಯ ವಯಸ್ಸು, ರಕ್ತದೊತ್ತಡ, ಬೀಡಿ, ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ನುಂಗಿದ ಗುಳಿಗೆಗಳು ಸೇರುತ್ತವೆ. ಇರುವುದು ಬೇರೆಯೇ ಪರೀಕ್ಷೆ, ತೀರ ಸಾದಾ: ಮೂತ್ರದಲ್ಲಿ ಅಲ್ಬುಮಿನ್ ಮತ್ತು ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್‌ಗಳ ಅನುಪಾತ, ರಕ್ತದಲ್ಲಿ ಕ್ರಿಯಾಟಿನಿನ್. ಎರಡನೆಯ ಬಗೆಯ ಮಧುಮೇಹ ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ಮಾಡಿಸಬೇಕಾದದ್ದು. ಅನುಪಾತ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಲ್ಬುಮಿನ್ ತಲುಪಿ ಮತ್ತೆ ನೋಡಿದಾಗಲೂ ಹಾಗೇ ಇದ್ದರೆ ಜರಡಿ ಸೋರುತ್ತಿದೆಯೆಂದು ಲೆಕ್ಕ, ಆಗಿನ್ನೂ ಮನುಷ್ಯನಿಗೆ ನೋವಾಗಲಿ ಬಾವಾಗಲಿ ಇರುವುದಿಲ್ಲ. ಹೊಡೆದುಹಾಕಿದ ವಾಕ್ಯದ ಜಾಗದಲ್ಲಿ ಇದನ್ನು ಬರೆಯಿರಿ. ಅಣ್ಣನಿಗೆ ಹಾಗಾಗಿದ್ದರೆ ತಮ್ಮ ಇದನ್ನು ಒಂದು ವರ್ಷವೂ ತಪ್ಪಿಸಬಾರದೆಂದೂ ಬರೆಯಿರಿ.

ಬರೆಯುವ ಮುನ್ನ ಚಿಕ್ಕ ಮಾವನವರ ಬಳಿ ಒಂದು ಸಂಜೆ ಕೂತು, ಸಕ್ಕರೆ ಕಾಯಿಲೆ ಇಬ್ಬರಿಗೂ ಯಾವ ವರ್ಷ ಗೊತ್ತಾಯಿತು, ಬಿಪಿ ಯಾರಿಗಿತ್ತು, ಗುಳಿಗೆ ಯಾರು ಬಿಟ್ಟರು ಎಂದು ಕೇಳಿಕೊಂಡು ಬನ್ನಿ. ದೊಡ್ಡ ಮಾವನವರ ಆ ತಂಬಿಗೆ ಎಷ್ಟು ನೀರು ಹಿಡಿಯುತ್ತದೆಂಬುದನ್ನೂ ಅಳೆದು ಬರೆಯಿರಿ. ನಾಲ್ಕು ಪುಟಗಳಲ್ಲಿ ಎಲ್ಲೂ ಹೇಳಿಲ್ಲ.

ವಿಶ್ವಾಸದಿಂದ,
ಸಂಪಾದಕ